ಹಳೆಯ ಪಿಕಪ್‌ಗೆ ಗ್ಯಾಸ್ ಕಟರ್ ಹಚ್ಚಬೇಡಿ

ಕೇಳುಗರಿಗೆ ನಮಸ್ಕಾರ. ಕಾಫಿ ತೋಟದ ಶೆಡ್ಡಿನಲ್ಲೋ ಅಕ್ಕಿ ಗಿರಣಿಯ ಹಿತ್ತಲಿನಲ್ಲೋ ಅಜ್ಜನ ಕಾಲದ ಪಿಕಪ್ ನಿಲ್ಲಿಸಿಕೊಂಡಿರುವವರು ನಮ್ಮ ಮಲೆನಾಡಿನಲ್ಲಿ ಈಗಲೂ ಇದ್ದಾರೆ. ಇಂದಿನ ಮಾತು ಅವರಿಗಾಗಿ. ಆ ಗಾಡಿಯನ್ನು ಕಾರ್ಖಾನೆಯಿಂದ ಹೊರಬಂದಾಗ ಇದ್ದಂತೆ ಮಾಡಿಸಬೇಕೇ, ಅಥವಾ ಹೊಸ ಎಂಜಿನ್, ಅಗಲದ ಟಯರ್, ಏಸಿ ಎಲ್ಲವನ್ನೂ ಹಾಕಿಸಿ ಬೇರೆಯೇ ರೂಪ ಕೊಡಬೇಕೇ ಎಂದು ಅನೇಕರು ಕೇಳುತ್ತಾರೆ. ನನ್ನ ಉತ್ತರ ಒಂದೇ. ಇದ್ದಂತೆ ಮಾಡಿಸಿ. ಕಬ್ಬಿಣ ಕತ್ತರಿಸುವ ಗ್ಯಾಸ್ ಕಟರ್ ಹಚ್ಚಬೇಡಿ.

ನನಗೆ ಬಹಳ ಇಷ್ಟವಾದ ಗಾಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ: ಮಹೀಂದ್ರಾ ಎಫ್‌ಸಿ-150 (ಎಫ್‌ಸಿ ಎಂದರೆ ಫಾರ್ವರ್ಡ್ ಕಂಟ್ರೋಲ್). ಅಮೆರಿಕದ ವಿಲ್ಲಿಸ್ ಕಂಪನಿ 1956ರ ಕೊನೆಯಲ್ಲಿ ಹೊರತಂದ ಪಿಕಪ್ ಇದು. ರೂಪ ಕೊಟ್ಟವರು ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಕಾರರು. ಮಹೀಂದ್ರಾ ಇದನ್ನು 1965ರಲ್ಲಿ ನಮ್ಮ ದೇಶಕ್ಕೆ ತಂದಿತು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇರುವುದು ಕೇವಲ 81 ಇಂಚು, ಹೆಚ್ಚುಕಡಿಮೆ ಸಾಮಾನ್ಯ ಜೀಪಿನಷ್ಟೇ. ಆದರೂ ಹಿಂದೆ ಸಾಮಾನು ಹೇರಲು ಒಳ್ಳೆಯ ಉದ್ದದ ತೊಟ್ಟಿ ಇದೆ. ಹೇಗೆ? ಬಾನೆಟ್ಟೇ ಇಲ್ಲ. ಎಂಜಿನ್ ಕ್ಯಾಬಿನ್ನಿನ ಒಳಗೆ, ಎರಡು ಸೀಟುಗಳ ನಡುವೆ ಕುಳಿತಿದೆ. ತಿರುವಿನ ಮೇಲೆ ತಿರುವು ಇರುವ ತೋಟದ ದಾರಿಗೆ ಇದಕ್ಕಿಂತ ಜಾಣತನದ ಗಾಡಿಯನ್ನು ನಾನು ಕಂಡಿಲ್ಲ.

ಮೂಡಿಗೆರೆ ಕಡೆಯ ಒಬ್ಬ ತೋಟದ ಮಾಲೀಕರು ಇಂತಹದೊಂದನ್ನು ನೋಡಲು ನನ್ನನ್ನು ಕರೆಸಿದ್ದರು. ಪೆಟ್ರೋಲ್ ದುಬಾರಿಯಾದ ಕಾಲದಲ್ಲಿ ಅವರ ತಂದೆ ಮೂಲ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದ್ದರು. ಎಷ್ಟೋ ತೋಟಗಳಲ್ಲಿ ಆಗಿದ್ದು ಅದೇ, ಅವರನ್ನು ದೂರುವುದಿಲ್ಲ. ಆದರೆ ಡೀಸೆಲ್ ಎಂಜಿನ್ ಎತ್ತರವಾಗಿತ್ತು. ಅದನ್ನು ಹಿಡಿಸಲು ಎಂಜಿನ್ನಿನ ಮುಚ್ಚಳವನ್ನೂ ಕ್ಯಾಬಿನ್ನಿನ ನೆಲವನ್ನೂ ಕತ್ತರಿಸಿ ಮೇಲೆ ಹಲಗೆ ಹೊಡೆದಿದ್ದರು. ಗಾಡಿ ಓಡಿಸುವವರ ಎಡಗಾಲು ಬಿಸಿಗೆ ಬೇಯುತ್ತಿತ್ತು. ಚಾಲಕ, ಎಂಜಿನ್ ಎರಡೂ ಮುಂದಿನ ಆ್ಯಕ್ಸಲ್ ಮೇಲೆಯೇ ಇರುವ ಗಾಡಿಯಿದು, ಹುಟ್ಟಿನಿಂದಲೇ ಮುಂಭಾಗ ಭಾರ. ಅದಕ್ಕೆ ಇನ್ನಷ್ಟು ಭಾರ ಸೇರಿ ಮುಂದಿನ ಸ್ಪ್ರಿಂಗ್ ಪಟ್ಟಿಗಳು ಬೆನ್ನು ಬಗ್ಗಿಸಿ ಕುಳಿತಿದ್ದವು. ಈಗ ಮಾಲೀಕರ ಮಗನಿಗೆ ಇನ್ನೂ ದೊಡ್ಡ ಎಂಜಿನ್ ಬೇಕು, ಅದಕ್ಕಾಗಿ ಚಾಸಿಯನ್ನೂ, ಅಂದರೆ ಗಾಡಿಯ ಅಡಿಯ ಚೌಕಟ್ಟನ್ನೂ, ಕತ್ತರಿಸಬೇಕು!

"ಹಳೆಯ ಎಂಜಿನ್ ಏನಾಯಿತು?" ಎಂದು ಕೇಳಿದೆ. ಮಾಲೀಕರಿಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ಮೆಣಸು ಹರಡುತ್ತಿದ್ದ ಹಳೆಯ ಡ್ರೈವರ್ ತಲೆಯೆತ್ತಿ, "ಗೊಬ್ಬರದ ಕೋಣೆಯಲ್ಲಿದೆ ಅಯ್ಯಾ, ದೊಡ್ಡಯ್ಯನವರು ಮಾರಲು ಬಿಡಲಿಲ್ಲ" ಎಂದರು. ಗೋಣಿಚೀಲಗಳನ್ನು ಸರಿಸಿದರೆ, ಹೌದು, ಅದೇ ಎಂಜಿನ್! ವಿಲ್ಲಿಸ್‌ನ ಹರಿಕೇನ್, ನಾಲ್ಕು ಸಿಲಿಂಡರ್, 2.2 ಲೀಟರ್. ಇದರಲ್ಲಿ ಗಾಳಿ, ಪೆಟ್ರೋಲ್ ಒಳಬಿಡುವ ವಾಲ್ವುಗಳು ಮೇಲಿನ ಹೆಡ್ಡಿನಲ್ಲಿವೆ, ಹೊಗೆ ಹೊರಬಿಡುವ ವಾಲ್ವುಗಳು ಕೆಳಗೆ ಸಿಲಿಂಡರ್‌ಗಳಿರುವ ಬ್ಲಾಕಿನಲ್ಲಿವೆ. ಅಂತಹ ಜೋಡಣೆಯನ್ನು ಈಗ ಯಾರೂ ಮಾಡುವುದಿಲ್ಲ. ಪಿಸ್ಟನ್‌ಗಳು ಜಾಮ್ ಆಗಿದ್ದವು. ಸೀಮೆಎಣ್ಣೆ, ಡೀಸೆಲ್ ಬೆರೆಸಿ ಸುರಿದು ಕಾದೆವು. ಮರದ ತುಂಡು ಇಟ್ಟು ಮೆಲ್ಲಗೆ ತಟ್ಟುತ್ತಾ ಒಂದೊಂದನ್ನೇ ಬಿಡಿಸಿದೆವು. ಬ್ಲಾಕ್ ಒಡೆದಿರಲಿಲ್ಲ. ಸಿಲಿಂಡರ್‌ಗಳ ಒಳಮೈ ಕೊರೆಸಿ (ಬೋರ್ ಮಾಡಿಸಿ), ವಾಲ್ವುಗಳು ಕೂರುವ ಸೀಟುಗಳನ್ನು ಸರಿಪಡಿಸಿ, ಮತ್ತೆ ಗಾಡಿಗೆ ಏರಿಸಿದೆವು.

ಕೇಳಿ, ಎಂಜಿನ್ ಕೆಲಸ ಸುಲಭವೇ ಆಯಿತು. ನಮ್ಮನ್ನು ಕಾಡಿದ್ದು ಕತ್ತರಿಸಿಹೋದ ಆ ಮುಚ್ಚಳ ಮತ್ತು ನೆಲದ ತಗಡು. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದರೂ ಸಿಗಲಿಲ್ಲ. ಕೊನೆಗೆ ಹಾಸನದ ಹತ್ತಿರ ಇನ್ನೊಂದು ಎಫ್‌ಸಿ ಇರುವುದು ತಿಳಿದು, ಅಲ್ಲಿಗೆ ಹೋಗಿ ರಟ್ಟಿನಲ್ಲಿ ಅಳತೆ ತೆಗೆದು, ಒಬ್ಬ ಹಿರಿಯ ತಗಡಿನ ಮೇಸ್ತ್ರಿಯ ಕೈಯಲ್ಲಿ ಬಡಿಸಿದೆವು. ಎಂಜಿನ್ನಿಗಿಂತ ಹೆಚ್ಚು ಕಾಲ ಹಿಡಿದದ್ದು ಅದು. ಸವೆದ ಭಾಗವನ್ನು ಸರಿಮಾಡಬಹುದು, ಕತ್ತರಿಸಿ ಎಸೆದದ್ದನ್ನು ಎಲ್ಲಿಂದ ತರುತ್ತೀರಿ?

ಗಾಡಿ ಈಗ ಓಡುತ್ತಿದೆ. ಮಗನೇ ಓಡಿಸುತ್ತಾನೆ. ಬಾಡಿಗೆ ದುಡ್ಡು ಎಷ್ಟೇ ಕೊಟ್ಟರೂ ಮದುವೆ ಮೆರವಣಿಗೆಗೆ ಕೊಡುವುದಿಲ್ಲ ಎನ್ನುತ್ತಾನೆ. ನನಗೆ ಅದು ಬಹಳ ಸಂತೋಷ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಈ ಗಾಡಿಗಳ ನಾಲ್ಕೂ ಚಕ್ರಗಳಿಗೆ ಇರುವುದು ಡ್ರಮ್ ಬ್ರೇಕ್. ಅವು ಆ ಎಂಜಿನ್ನಿನ ವೇಗಕ್ಕೆ ಲೆಕ್ಕ ಹಾಕಿ ಮಾಡಿದವು. ಎರಡು ಪಟ್ಟು ಶಕ್ತಿಯ ಎಂಜಿನ್ ಕೂರಿಸಿ ಚಾರ್ಮಾಡಿ ಘಾಟಿ ಇಳಿಯುತ್ತೇನೆ ಎನ್ನುವವರೊಂದಿಗೆ ವಾದ ಮಾಡಲು ನನಗೆ ತಾಳ್ಮೆಯಿಲ್ಲ.

ಕಾನೂನೂ ನನ್ನ ಮಾತನ್ನೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. 2021ರ ಕೇಂದ್ರ ನಿಯಮಗಳಂತೆ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ವಾಹನ ಮತ್ತು ಜನ ಓಡಾಡುವ ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ನಿಮ್ಮ ಪಿಕಪ್ ಇದರಲ್ಲಿ ಬರುತ್ತದೆಯೇ ಎಂದು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಅಕ್ಷರಗಳು ಬರುತ್ತವೆ. ದಿನನಿತ್ಯದ ಓಡಾಟಕ್ಕಲ್ಲ, ರ‍್ಯಾಲಿ, ಪ್ರದರ್ಶನಗಳಿಗೆ. ಷರತ್ತು ಏನು ಗೊತ್ತೇ? ಚಾಸಿ, ಬಾಡಿ, ಎಂಜಿನ್ ಮೂಲ ಸ್ವರೂಪದಲ್ಲೇ ಇರಬೇಕು. ಕತ್ತರಿಸಿದ ಗಾಡಿಗೆ ಆ ಬಾಗಿಲು ತೆರೆಯುವುದಿಲ್ಲ.

ನಿಮ್ಮ ಶೆಡ್ಡಿನಲ್ಲಿ ಇಂತಹ ಗಾಡಿ ಇದ್ದರೆ ಈ ವಾರವೇ ಇಷ್ಟು ಮಾಡಿ. ಚಾಸಿ ನಂಬರ್ ಉಜ್ಜಿ ನೋಡಿ ಆರ್‌ಸಿ ಪುಸ್ತಕದೊಂದಿಗೆ ತಾಳೆ ಹಾಕಿ. ಗುಜರಿಯವನು ಬರುವ ಮುಂಚೆ ಗೊಬ್ಬರದ ಕೋಣೆ, ಅಟ್ಟ, ಕೊಟ್ಟಿಗೆ ಎಲ್ಲ ಹುಡುಕಿ, ಹಿಂದೆ ಬಿಚ್ಚಿಟ್ಟ ಭಾಗಗಳನ್ನು ಒಂದೆಡೆ ಸೇರಿಸಿ ಗ್ರೀಸ್ ಹಚ್ಚಿಡಿ. ಮನೆಯ ಹಳೆಯ ಡ್ರೈವರ್ ಇದ್ದರೆ ಅವರನ್ನು ಕರೆದು ಕೇಳಿ. ನಮಸ್ಕಾರ.