ಪ್ರೋಗ್ರಾಮರ್‌ಗಳಿಗೆ ತಮಾಷೆ ಬರಲ್ವಾ? ಯಾರು ಹೇಳಿದ್ದು?

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಪ್ರೋಗ್ರಾಮರ್‌ಗಳ ಜೋಕಿಗೆ ಅವರೇ ನಕ್ಕೊಳ್ಳಬೇಕು." ಓದಿ ಮೈ ಉರಿಯಿತು. ಒಂದು ಜೋಕಿಗಾಗಿ ಇವರಷ್ಟು ಬೆವರು ಸುರಿಸುವವರು ಬೇರೆ ಯಾರಿದ್ದಾರೆ ಹೇಳಿ?

ಇಂಟರ್‌ಕಲ್ ಗೊತ್ತಾ? 1972ರಲ್ಲಿ ಇಬ್ಬರು ವಿದ್ಯಾರ್ಥಿಗಳು ಬರೀ ತಮಾಷೆಗೆ ಮಾಡಿದ ಪ್ರೋಗ್ರಾಮಿಂಗ್ ಭಾಷೆ. ಅದರಲ್ಲಿ ಕೋಡ್ ಬರೆಯುವಾಗ ನಡುನಡುವೆ ಪ್ಲೀಸ್ ಅನ್ನಬೇಕು. ಕಮ್ಮಿ ಆದರೆ ಮರ್ಯಾದೆ ಸಾಲದು ಅಂತ ಕಂಪೈಲರ್, ಅಂದರೆ ಕೋಡನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ತಿರುಗಿಸುವ ಸಾಫ್ಟ್‌ವೇರ್, ಪ್ರೋಗ್ರಾಮನ್ನೇ ತಳ್ಳಿಹಾಕುತ್ತದೆ. ಜಾಸ್ತಿ ಆದರೆ? ಬೆಣ್ಣೆ ಹಚ್ಚುತ್ತಿದ್ದೀಯ ಅಂತ ಆಗಲೂ ತಳ್ಳಿಹಾಕುತ್ತದೆ! ಜೋಕ್ ಹೇಳಿ ಎದ್ದು ಹೋಗಲಿಲ್ಲ ಸ್ವಾಮಿ, ಅದನ್ನು ಓಡಿಸಿ ತೋರಿಸಿದರು.

"ವಿವರಿಸಬೇಕಾದ ಜೋಕ್ ಜೋಕೇ ಅಲ್ಲ" ಅಂತಾರೆ ಕೆಲವರು. ಹಾಗಾದರೆ ಪಾರಿವಾಳದ ಕಥೆ ಕೇಳಿ. ಇಂಟರ್ನೆಟ್ ಹೇಗೆ ನಡೆಯಬೇಕು ಎಂದು ತಿಳಿಸುವ ದಾಖಲೆಗಳಿಗೆ ಆರ್‌ಎಫ್‌ಸಿ ಎನ್ನುತ್ತಾರೆ. 1990ರ ಏಪ್ರಿಲ್ 1ರಂದು ಅದೇ ಗತ್ತಿನಲ್ಲಿ ಒಂದು ಬಂತು, ಸಂಖ್ಯೆ 1149: ಹಕ್ಕಿಗಳ ಮೂಲಕ ಡೇಟಾ ಕಳಿಸುವ ವಿಧಾನ. ನಕ್ಕು ಸುಮ್ಮನಾಗಬಹುದಿತ್ತು, ಅಲ್ವಾ? ಆಗಲಿಲ್ಲ. 2001ರಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಳಸುವವರ ಬಳಗದವರು ನಿಜವಾದ ಪಾರಿವಾಳಗಳನ್ನೇ ತಂದರು. ಪ್ಯಾಕೆಟ್ಟನ್ನು, ಅಂದರೆ ಡೇಟಾದ ಒಂದು ತುಂಡನ್ನು, ಕಾಗದದಲ್ಲಿ ಪ್ರಿಂಟ್ ಮಾಡಿ, ಕಾಲಿಗೆ ಸುತ್ತಿ, ಹಾರಿಸಿ, ಆ ಕಡೆ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಓದಿಸಿದರು. 9 ಪಿಂಗ್, ಅಂದರೆ "ಇದ್ದೀಯಾ?" ಎಂದು ಕೇಳುವ ಪುಟ್ಟ ಸಂದೇಶ, ಕಳಿಸಿದ್ದಕ್ಕೆ 4 ಉತ್ತರ ಬಂದವು. ಅದರಲ್ಲಿ ಒಂದಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ ಹಿಡಿಯಿತು! ಇದಕ್ಕೆ ನಗು ಬರಲಿಲ್ಲ ಅಂದರೆ ನಿಮ್ಮನ್ನು ನಗಿಸುವುದು ನನ್ನಿಂದಾಗದು.

ಅಂದ ಹಾಗೆ, ಸಬ್‌ಸ್ಕ್ರೈಬ್ ಆಗದೇ ನೋಡುತ್ತಿರುವವರು ಜಾಸ್ತಿ ಇದ್ದೀರಿ. ಒತ್ತಿಬಿಡಿ, ಮುಂದಿನ ಕಂತು ಬಗ್‌ಗಳ ಬಗ್ಗೆ.

ಎಲ್ಲಿದ್ದೆ? ಹಾಂ, 418. ಟೀಪಾಟಿಗೆ ಕಾಫಿ ಮಾಡು ಅಂದರೆ "ನಾನು ಟೀಪಾಟ್" ಎಂದು ಉತ್ತರಿಸುವ ಎರರ್ ಕೋಡ್ (ವೆಬ್‌ನಲ್ಲಿ ಕೇಳಿದ ಕೆಲಸ ಆಗದಿದ್ದಾಗ ಬರುವ ಸಂಖ್ಯೆ), 1998ರ ಏಪ್ರಿಲ್ 1ರದು. 2017ರಲ್ಲಿ ಇದನ್ನು ತೆಗೆದುಹಾಕೋಣ ಎಂಬ ಮಾತು ಬಂದಾಗ ಜನ ಎದ್ದು ನಿಂತು ಉಳಿಸಿಕೊಂಡರು. ಒಂದು ಜೋಕನ್ನು! ಹೋರಾಡಿ!

"ಕೆಲಸ ಇಲ್ಲದವರು" ಅಂತೀರಾ? ಅನ್ನಿ, ಅನ್ನಿ. ಇವರಷ್ಟು ಕಷ್ಟಪಟ್ಟು ನಗಿಸುವವರು ಇನ್ನೊಬ್ಬರಿಲ್ಲ, ಇಲ್ಲವೇ ಇಲ್ಲ. ಇದ್ದರೆ ಹೆಸರು ಹೇಳಿ, ಕಮೆಂಟಿನಲ್ಲೇ ಬರೆಯಿರಿ, ಅಲ್ಲೇ ಜಗಳ ಆಡೋಣ.