ಊಟದಲ್ಲಿ ಬೆರೆಸೋ ಮಾತ್ರೆಯಿಂದ ಕುಡಿತ ಬಿಡುತ್ತಾ?

[ದೃಶ್ಯ: ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಅರ್ಧ ಹರಿದ ಪೋಸ್ಟರ್]

ಅವರಿಗೇ ಗೊತ್ತಾಗದಂತೆ ಕುಡಿತ ಬಿಡಿಸಿ, ಊಟದಲ್ಲಿ ಬೆರೆಸಿ ಕೊಡಿ ಅನ್ನೋ ಪೋಸ್ಟರ್ ನೀವೂ ನೋಡಿರ್ತೀರ. ಆ ಪೊಟ್ಟಣದಲ್ಲಿ ಏನಿದೆ ಅಂತ ಎಷ್ಟೋ ಸಲ ಬರೆದೇ ಇರಲ್ಲ. ಮೆಡಿಕಲ್ ಶಾಪಿಂದ ಮಾತ್ರೆ ತಂದು ಕದ್ದು ಹಾಕೋರೂ ಇದ್ದಾರೆ. ಆ ಮಾತ್ರೆ ಹೆಸರು ಡೈಸಲ್ಫಿರಾಮ್.

[ಗ್ರಾಫಿಕ್: ಲಿವರ್]

ಕುಡಿದ ಆಲ್ಕೋಹಾಲ್ ಲಿವರ್‌ನಲ್ಲಿ ಮೊದಲು ಒಂದು ಕಿಣ್ವದಿಂದ, ಅಂದ್ರೆ ಎಂಜೈಮ್‌ನಿಂದ, ಅಸಿಟಾಲ್ಡಿಹೈಡ್ ಅನ್ನೋ ವಿಷ ಆಗುತ್ತೆ. ಆಮೇಲೆ ಇನ್ನೊಂದು ಕಿಣ್ವ ಬಂದು ಆ ವಿಷ ಇಳಿಸುತ್ತೆ. ಡೈಸಲ್ಫಿರಾಮ್ ಅಡ್ಡ ಹಾಕೋದು ಈ ಎರಡನೇ ಕಿಣ್ವಕ್ಕೆ. ಅದು ಮೈಯಲ್ಲಿದ್ದಾಗ ಒಂದು ಪೆಗ್ ಹಾಕಿದ್ರೂ ಸಾಕು: ಮುಖ ಕೆಂಪಾಗುತ್ತೆ, ಎದೆ ಡವಡವ ಅನ್ನುತ್ತೆ, ವಾಂತಿ, ಬಿಪಿ ಕುಸಿತ. ಹೃದಯದ ತೊಂದರೆ ಇದ್ದವರ ಜೀವವೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ತಪ್ಪಿದ್ದಲ್ಲ. ಅದಕ್ಕೇ ಡಾಕ್ಟರು ರೋಗಿಗೆ ಎಲ್ಲಾ ಬಿಡಿಸಿ ಹೇಳಿ, ಒಪ್ಪಿಗೆ ತಗೊಂಡು, ಲಿವರ್ ಪರೀಕ್ಷೆ ಮಾಡಿಸಿ ಕೊಡ್ತಾರೆ.

ಸಾರಿಗೆ ಮಾತ್ರೆ ಪುಡಿ ಮಾಡಿ ಹಾಕೋ ಹೆಂಡತಿನ ಬೈಯೋಕೆ ನನಗೆ ಬಾಯಿ ಬರಲ್ಲ. ಅವಳಿಗೆ ಬೇರೆ ದಾರಿ ಯಾರೂ ತೋರಿಸಿಲ್ಲ. ಸಿಟ್ಟು ಬರೋದು ಪೋಸ್ಟರ್ ಅಂಟಿಸಿದವನ ಮೇಲೆ.

ಇನ್ನು, "ಗಂಡಸಾಗಿದ್ರೆ ಇವತ್ತಿಂದಲೇ ಬಿಡು" ಅಂತ ಆಣೆ ಹಾಕಿಸೋರು. ವರ್ಷಗಟ್ಟಲೆ ದಿನಾ ಕುಡಿದವರಿಗೆ ಇದೂ ಅಪಾಯವೇ.

[ಗ್ರಾಫಿಕ್: ಗಡಿಯಾರ]

ಮದ್ಯ ಮೆದುಳನ್ನ ಮಂಕು ಮಾಡುತ್ತೆ. ಅದಕ್ಕೆ ಎದುರಾಗಿ ಮೆದುಳು ತನ್ನ ವೇಗ ಏರಿಸಿಕೊಂಡೇ ಇರುತ್ತೆ. ದಿಢೀರ್ ಅಂತ ನಿಲ್ಲಿಸಿದಾಗ ಮಂಕು ಹೋಗುತ್ತೆ, ವೇಗ ಉಳಿಯುತ್ತೆ. ಏಳೆಂಟು ಗಂಟೆಯಲ್ಲಿ ಕೈ ನಡುಕ, ಬೆವರು. ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು-ಮೂರನೇ ದಿನ ಕೆಲವರು ಇಲ್ಲದ ಹುಳ ಆರಿಸ್ತಾರೆ, ಗೋಡೆ ಜೊತೆ ಮಾತಾಡ್ತಾರೆ, ಮಗನ ಗುರುತೇ ಸಿಗಲ್ಲ. ಮನೆಯವರು ಗಾಳಿ ಸೋಕಿದೆ ಅಂದುಕೊಂಡು ತಾಯತ ಕಟ್ಟಿಸೋಕೆ ಓಡ್ತಾರೆ. ಡಾಕ್ಟರ ಭಾಷೆಯಲ್ಲಿ ಇದು ಡೆಲಿರಿಯಮ್ ಟ್ರೆಮೆನ್ಸ್. ಚಿಕಿತ್ಸೆ ಸಿಗದಿದ್ರೆ ಸಾವೂ ಬರಬಹುದು.

2020ರ ಲಾಕ್‌ಡೌನ್ ನೆನಪಿದೆಯಾ? ಮಾರ್ಚ್ ಕೊನೆಯಲ್ಲಿ ಮದ್ಯದಂಗಡಿ ಮುಚ್ಚಿದ್ದೇ ತಡ, ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ಸ್ಥಿತಿಯಲ್ಲಿ ಬರೋರು ಜಾಸ್ತಿಯಾದ್ರು. ಮೇ 4ಕ್ಕೆ ಅಂಗಡಿ ತೆರೆದಾಗ ನಾವೆಲ್ಲ ಆ ಉದ್ದದ ಸಾಲು ನೋಡಿ ಮೀಮ್ ಮಾಡಿ ನಕ್ಕಿದ್ವಿ.

ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಲೆಕ್ಕದಲ್ಲಿ ದೇಶದಲ್ಲಿ ಕುಡಿಯೋರು ಸುಮಾರು 16 ಕೋಟಿ. ಮದ್ಯಕ್ಕೆ ಅಂಟಿಕೊಂಡವರಲ್ಲಿ ಏನಾದ್ರೂ ಚಿಕಿತ್ಸೆ ಸಿಕ್ಕಿದೆ ಅಂದವರು 38ಕ್ಕೆ ಒಬ್ಬರು.

ಚಿಕಿತ್ಸೆ ಅಂದ್ರೆ ಕೂಡಿಹಾಕಿ ಹೊಡೆಯೋದಲ್ಲ. ನಡುಕ, ಫಿಟ್ಸ್ ತಡೆಯೋಕೆ ಮಾತ್ರೆ ಕೊಟ್ಟು, ಕೆಲವು ದಿನದಲ್ಲಿ ಅದರ ಡೋಸ್ ಹಂತ ಹಂತವಾಗಿ ಇಳಿಸ್ತಾರೆ. ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್. ತುಂಬಾ ಕುಡಿಯೋರ ಮೈಯಲ್ಲಿ ಅದು ಹೆಚ್ಚಾಗಿ ಬರಿದಾಗಿರುತ್ತೆ, ಕೊಡದಿದ್ರೆ ನೆನಪಿನ ಶಕ್ತಿಗೇ ಪೆಟ್ಟು ಬೀಳಬಹುದು. ಬಿ1 ಇಲ್ಲದೆ ಬರೀ ಗ್ಲೂಕೋಸ್ ಏರಿಸಿದ್ರೆ ಆ ಕೊರತೆ ಇನ್ನೂ ಹೆಚ್ಚಬಹುದು. ಹಾಗಾಗಿ ಕ್ಲಿನಿಕ್‌ಗೆ ಹೋಗಿ ಬರೀ ಗ್ಲೂಕೋಸ್ ಬಾಟಲ್ ಹಾಕಿಸೋ ಮುಂಚೆ, ದಿನಾ ಎಷ್ಟು ಕುಡೀತಾರೆ, ಕೊನೆ ಸಲ ಯಾವಾಗ ಕುಡಿದ್ರು ಅಂತ ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳಿ.

[ಪರದೆ ಮೇಲೆ ನಂಬರ್]

ವ್ಯಸನಮುಕ್ತಿ ಸಹಾಯವಾಣಿ 14446. ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಫಿಟ್ಸ್ ಬಂದ್ರೆ, ಮಾತು ಅಡ್ಡಾದಿಡ್ಡಿ ಆದ್ರೆ ಫೋನ್ ಮಾಡ್ತಾ ಕೂರಬೇಡಿ, ನೇರ ಜಿಲ್ಲಾ ಆಸ್ಪತ್ರೆಗೆ ಕರ್ಕೊಂಡು ಹೋಗಿ.