ದುರ್ಗಕ್ಕೆ ಬಂದರೆ ನೀರು ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಚಿತ್ರದುರ್ಗದ ಕೋಟೆಯನ್ನು ಹೇಗೆ ನೋಡಬೇಕು ಅಂತ ಐದು ನಿಮಿಷ ಮಾತಾಡಿ ಎಂದು ಬಾನುಲಿಯವರು ಹೇಳಿದ್ದಾರೆ. ನನಗೆ ಹೇಳೋಕೆ ಇರುವುದು ಒಂದೇ ಮಾತು. ದುರ್ಗಕ್ಕೆ ಬಂದರೆ ನೀರು ನೋಡಿ.

ಬರುವವರು ಏನು ಮಾಡುತ್ತಾರೆ ಗೊತ್ತಲ್ವಾ? ಗಾಡಿ ನಿಲ್ಲಿಸುತ್ತಾರೆ, ಟಿಕೆಟ್ ತಗೋತಾರೆ, ಒಳಗೆ ಕಾಲಿಡುವಾಗಲೇ ‘ಓಬವ್ವನ ಕಿಂಡಿ ಎಲ್ಲಿ’ ಅಂತ ಕೇಳುತ್ತಾರೆ. ಅಲ್ಲಿಗೆ ಓಡುತ್ತಾರೆ. ಒಬ್ಬರು ಕಿಂಡಿಯಲ್ಲಿ ತಲೆ ತೂರಿಸಿದರೆ ಇನ್ನೊಬ್ಬರು ಒನಕೆ ಎತ್ತಿದ ಹಾಗೆ ಕೈ ಎತ್ತುತ್ತಾರೆ, ಫೋಟೋ ಆಯ್ತು, ವಾಪಸ್. ದಾವಣಗೆರೆಯಲ್ಲಿ ಬೆಣ್ಣೆದೋಸೆ ಖಾಲಿಯಾಗಿಬಿಡುತ್ತೆ ಅನ್ನೋ ಅವಸರ. ಏಳು ಸುತ್ತಿನ ಕೋಟೆಯನ್ನು ಮುಕ್ಕಾಲು ಗಂಟೆಯಲ್ಲಿ ನೋಡಿದವರಿಗೆ ನಾನೇನು ಹೇಳಲಿ!

ಸ್ವಲ್ಪ ಯೋಚನೆ ಮಾಡಿ. ನಮ್ಮದು ಮಳೆ ಕಡಿಮೆ ಬೀಳುವ ನಾಡು. ಕೋಟೆ ಇರುವುದು ಬರೀ ಬಂಡೆಯ ಮೇಲೆ. ಮುತ್ತಿಗೆ ಅಂದರೆ ತಿಂಗಳುಗಟ್ಟಲೆ ಬಾಗಿಲು ಬಂದ್. ಒಳಗೆ ಸೈನಿಕರು, ಅವರ ಹೆಂಡತಿ ಮಕ್ಕಳು, ಕುದುರೆ, ದನ ಎಲ್ಲಕ್ಕೂ ನೀರು ಬೇಕು. ಕಲ್ಲಿನ ಗೋಡೆ ಎಷ್ಟು ಎತ್ತರ ಇದ್ದರೇನು, ಕುಡಿಯೋಕೆ ನೀರಿಲ್ಲದಿದ್ದರೆ ಬಾಗಿಲನ್ನು ಒಳಗಿನವರೇ ತೆಗೆಯುತ್ತಾರೆ. ಅದಕ್ಕೇ ದುರ್ಗದವರು ಮಳೆಯನ್ನು ಹಿಡಿದಿಟ್ಟರು. ಬಂಡೆ ಮಳೆಯನ್ನು ಕುಡಿಯುವುದಿಲ್ಲ, ತಗಡಿನ ಸೂರಿನ ಹಾಗೆ ಹರಿಸಿಬಿಡುತ್ತದೆ. ಮೇಲೆ ಬಿದ್ದ ನೀರು ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತದೆ. ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲೂ ತುಂಬಿ ಹೆಚ್ಚಾಗಿದ್ದು ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆಹೊಂಡದ ಕಡೆಗೆ. ಪಂಪಿಲ್ಲ, ಕರೆಂಟಿಲ್ಲ. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು ನಿಜ, ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು ನಿಜ. ಆದರೆ ದುರ್ಗ ಬಾಯಾರಿ ಸೋಲಲಿಲ್ಲ.

ಓಬವ್ವನ ಕಥೆ ಶುರುವಾಗುವುದೂ ನೀರಿನಿಂದಲೇ ಅಲ್ವಾ? ಅವಳ ಗಂಡ, ಕಾವಲಿನ ಕಹಳೆ ಮುದ್ದಹನುಮ ಮನೆಗೆ ಊಟಕ್ಕೆ ಬಂದ. ಕುಡಿಯೋಕೆ ನೀರಿರಲಿಲ್ಲ. ಓಬವ್ವ ಕೊಡ ಹಿಡಿದು ತಣ್ಣೀರು ದೋಣಿಗೆ ಬಂದಳು. ಈ ದೋಣಿ ಕಿಂಡಿಯ ಹತ್ತಿರವೇ ಇದೆ, ಬಂಡೆಯ ಬುಡದಲ್ಲಿ ನೀರು ನಿಲ್ಲುವ ಒಂದು ಪುಟ್ಟ ಜಾಗ, ಕೈಯಿಟ್ಟರೆ ತಣ್ಣಗೆ. ಹತ್ತರಲ್ಲಿ ಒಂಬತ್ತು ಜನ ಅದನ್ನು ದಾಟಿಕೊಂಡೇ ಹೋಗಿ ಕಿಂಡಿಯ ಫೋಟೋ ತೆಗೆಯುತ್ತಾರೆ.

ಒಮ್ಮೆ ಜಗಳೂರು ಕಡೆಯ ಹಳ್ಳಿಯಿಂದ ಹೆಣ್ಣುಮಕ್ಕಳ ಗುಂಪೊಂದು ಬಂದಿತ್ತು. ನಾನು ಕಥೆಯನ್ನು ಜೋರಾಗಿಯೇ ಹೇಳುತ್ತಿದ್ದೆ. ಕಿಂಡಿಯಾಚೆ ಹೈದರಾಲಿಯ ಸೈನಿಕರ ಮಾತಿನ ಸದ್ದು ಕೇಳಿ ಓಬವ್ವ ನಿಂತಿದ್ದು, ಉಣ್ಣುವ ಗಂಡನನ್ನು ಎಬ್ಬಿಸದೆ ಒನಕೆ ತಂದಿದ್ದು, ಕಿಂಡಿಯಲ್ಲಿ ಒಂದೊಂದೇ ತಲೆ ಬಂದ ಹಾಗೆ ಹೊಡೆದು, ಹಿಂದಿನವನಿಗೆ ಅನುಮಾನ ಬರಬಾರದು ಅಂತ ಹೆಣವನ್ನು ಪಕ್ಕಕ್ಕೆ ಎಳೆದಿದ್ದು. ಎಲ್ಲರೂ ಕಿಂಡಿಗೆ ಮುತ್ತಿಕೊಂಡಿದ್ದರೆ ಒಬ್ಬ ಅಜ್ಜಿ ಮಾತ್ರ ದೋಣಿಯ ಹತ್ತಿರ ಕೂತು ನೀರಿಗೆ ಬೆರಳಾಡಿಸುತ್ತಾ ಇದ್ದಳು. ‘ಅಲ್ಲೋ ತಮ್ಮಾ, ಕೊಡ ಏನಾತು?’ ಅಂದಳು.

ಯಾವ ಕೊಡ ಅಂದೆ.

‘ನೀರಿಗೆ ಬಂದಾಕಿ ಕೊಡ ಎಲ್ಲಿ ಬಿಟ್ಳು? ತುಂಬಿದ ಕೊಡ ಹೊತ್ಕಂಡು ಓಡಾಕೆ ಆಗಂಗಿಲ್ಲ. ಖಾಲಿ ಕೊಡ ತಗಂಡು ಹೋದ್ರೆ ಉಣ್ಣಾಕೆ ಕುಂತ ಗಂಡ ನೀರೆಲ್ಲಿ ಅಂತ ಕೇಳ್ತಾನೆ. ಇಲ್ಲೇ ಇಟ್ಟಿರ್ತಾಳೆ, ಸದ್ದಾಗದಂಗೆ. ಕಲ್ಲಿಗೆ ಕೊಡ ಟಣ್ ಅಂದಿದ್ರೆ ಆಕಿ ಕಥಿ ಅಲ್ಲೇ ಮುಗೀತಿತ್ತು.’

ಅಷ್ಟೇ ಸಾಕಾಯ್ತು. ಕಿಂಡಿ ಬಿಟ್ಟು ಎಲ್ಲರೂ ದೋಣಿಗೆ ಬಂದರು. ಕಾವಲುಗಾರನ ಮನೆಯಲ್ಲಿ ಹಿತ್ತಾಳೆ ಎಲ್ಲಿಂದ ಬಂತು, ಮಣ್ಣಿನ ಕೊಡವೇ ಇರಬೇಕು ಅಂತ ಒಬ್ಬಳು. ಮಣ್ಣಿನದಾದರೆ ಕೈ ನಡುಗಿದರೆ ಒಡೆಯುತ್ತಿತ್ತು ಅಂತ ಇನ್ನೊಬ್ಬಳು. ಕಂಕುಳಲ್ಲಿತ್ತಾ, ತಲೆ ಮೇಲಿತ್ತಾ? ಅರ್ಧ ಗಂಟೆ ಜಗಳ. ಕೆಳಗೆ ಬಸ್ಸಿನ ಡ್ರೈವರು ಫೋನಿನ ಮೇಲೆ ಫೋನು. ದಿನಾ ದೂರದಿಂದ ನೀರು ಹೊತ್ತವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ನಾವೆಲ್ಲ ಒನಕೆ ಹಿಡಿದುಕೊಂಡು ಕೂತಿದ್ದೇವೆ, ಕೊಡದ ಬಗ್ಗೆ ಯಾರು ಕೇಳಿದ್ದೇವೆ?

ಆಗಲೇ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಆಯ್ತಂತೆ. ಉಳಿದಿದ್ದು ಬೇಗ ಹೇಳುತ್ತೇನೆ. ಸಿಡಿಮದ್ದು ಬೀಸುವ ಕಲ್ಲು ನೋಡಿ, ಗುಂಡಿಯೊಳಗೆ ನಾಲ್ಕು ಭಾರೀ ಬೀಸುಕಲ್ಲು, ಬಗ್ಗಿ ನೋಡಬೇಕು. ಎಣ್ಣೆ ಕೊಳವನ್ನೂ ಹಿಡಿಂಬೇಶ್ವರ, ಏಕನಾಥೇಶ್ವರಿ, ಸಂಪಿಗೆ ಸಿದ್ದೇಶ್ವರ ಗುಡಿಗಳನ್ನೂ ಬಿಡಬೇಡಿ. ಬಿಸಿಲು ಏರುವ ಮುಂಚೆ ಹತ್ತಿ, ಜಾರದ ಚಪ್ಪಲಿ ಹಾಕಿ. ನೀರಿನ ಬಾಟಲಿ ತನ್ನಿ, ಖಾಲಿಯಾದರೆ ಹೊಂಡಕ್ಕೆ ಎಸೆಯಬೇಡಿ. ಇದನ್ನೂ ಹೇಳಿಸಿಕೊಳ್ಳಬೇಕಾ? ಬಂಡೆಯ ಮೇಲೆ ನಿಮ್ಮ ಹೆಸರು, ನಿಮ್ಮ ಹುಡುಗಿಯ ಹೆಸರು ಬರೆಯೋರಿಗೆ ನಾನು ಏನೂ ಹೇಳಲ್ಲ, ಹೇಳಿದರೆ ಬಾನುಲಿಯವರು ಕತ್ತರಿಸುತ್ತಾರೆ.

ಬರುವುದಾದರೆ ಮಳೆ ಬಿದ್ದ ಮೇಲೆ ಬನ್ನಿ, ಆಗ ನೀರು ಮೇಲಿನ ಹೊಂಡದಿಂದ ಕೆಳಗಿನದಕ್ಕೆ ಹೇಗೆ ಇಳಿಯುತ್ತದೆ ಅಂತ ಯಾರೂ ವಿವರಿಸಬೇಕಾಗಿಲ್ಲ. ನವೆಂಬರ್ 11ಕ್ಕೆ ಓಬವ್ವನ ಜಯಂತಿ. ಅವತ್ತು ಮೈಕು, ಹಾರ, ಭಾಷಣ ಎಲ್ಲ ಇರುತ್ತದೆ. ನೀವು ಮಾರನೇ ದಿನ ಬೆಳಿಗ್ಗೆ ಬನ್ನಿ, ದೋಣಿಯ ಹತ್ತಿರ ಕೂರೋಕೆ ಜಾಗ ಸಿಗುತ್ತೆ.